ಮನೆಗೊಂದು ಎಲೆ

ನಮ್ಮ ಊರಿನಲ್ಲಿ ಚುನಾವಣೆ ನಡೆಯಲಿಲ್ಲ. ಅದಕ್ಕಾಗಿ ನಮ್ಮ ಊರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಮಂಡಲ ಪಂಚಾಯ್ತಿ ಬಂದ ವರ್ಷದ ಮಾತು ಇದು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಆ ಉರಿ ಊರಿನ ಮೇಲೆ ಎಷ್ಟೋ ಸರ್ಕಾರದ ಮೇಲೂ ಅಷ್ಟೇ, ನನ್ನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚು. ಊರಿನ ಹೆಸರು ಬರೆಯುವುದಿಲ್ಲ. ಶಿವನಿ ಸ್ಟೇಷನ್ನಿನಿಂದ ಗಾಡಿ ದಾರಿಯಲ್ಲಿ ಒಂದು ಗಂಟೆ ನಡೆದರೆ ಸಿಗುವ ಊರುಗಳಲ್ಲಿ ಅದೂ ಒಂದು ಎಂದರೆ ಸಾಕು.

ನಾನು ಅಕ್ಷರ ಕಲಿತದ್ದು ತಡವಾಗಿ. ಹದಿನೇಳು ವರ್ಷದವರೆಗೆ ಬೇರೆಯವರ ದನ ಕಾಯ್ದೆ. ಆಮೇಲೆ ಶಾಲೆಯ ಮೇಷ್ಟರೊಬ್ಬರು ಸಂಜೆ ಹೊತ್ತು ಎದುರಿಗೆ ಕೂರಿಸಿಕೊಂಡು ಕಲಿಸಿದರು. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿ, ಲೆಕ್ಕದಲ್ಲಿ ಎರಡು ಸಲ ಬಿದ್ದು, ಮೂರನೇ ಸಲ ದಾಟಿದಾಗ ನನಗೆ ಇಪ್ಪತ್ತೇಳು. ಪೌರನೀತಿಯ ಪ್ರಶ್ನೆಗಳಲ್ಲಿ ಪ್ರಜಾಪ್ರಭುತ್ವ ಎಂದರೇನು ಎಂದು ಕೇಳಿದ್ದರು. ಒಂದು ಪುಟ ತುಂಬ ಬರೆದೆ. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ, ಗಂಡಿರಲಿ ಹೆಣ್ಣಿರಲಿ, ಒಂದೊಂದು ಓಟು ಎಂದು ಬರೆದು ಅಡಿಗೆರೆ ಹಾಕಿದ್ದೆ. ಮಾರ್ಕು ಕೊಟ್ಟರು. ಕೊಟ್ಟವರ ಊರಿನಲ್ಲಿ ಹೇಗಿತ್ತೋ ಗೊತ್ತಿಲ್ಲ.

ಪಾಸಾದ ಮೇಲೆ ಕಡೂರಿಗೆ ಹೋಗಿ ಟೈಪಿಂಗ್ ಕಲಿತೆ. ನನ್ನ ಬೆರಳುಗಳು ಹಗ್ಗ ಹೊಸೆದು ದಪ್ಪಗಾಗಿದ್ದವು. ಒಂದು ಕೀಲಿ ಒತ್ತಿದರೆ ಪಕ್ಕದ್ದೂ ಕೂತುಕೊಳ್ಳುತ್ತಿತ್ತು. ನಿಧಾನವಾದರೂ ಕಲಿತೆ. ಒಂದು ಹಳೆಯ ಮಿಷನ್ ಸಂಪಾದಿಸಿ ತರೀಕೆರೆಯ ತಾಲ್ಲೂಕು ಕಚೇರಿಯ ಎದುರಿಗೆ ಮರದ ಕೆಳಗೆ ಮೇಜು ಹಾಕಿದೆ. ಸಂಜೆ ಮಿಷನ್ನನ್ನು ಜೊತೆಗೇ ಮನೆಗೆ ತರುತ್ತಿದ್ದೆ. ಖಾತೆ ಬದಲಾವಣೆ, ಪಿಂಚಣಿ, ಹದ್ದುಬಸ್ತು, ಯಾವ ಅರ್ಜಿ ಇದ್ದರೂ ಹಳ್ಳಿಯವರು ನನ್ನ ಹತ್ತಿರ ಬರುತ್ತಿದ್ದರು. ಅದು ತುರ್ತು ಪರಿಸ್ಥಿತಿಯ ಕಾಲ. ಕೆಲವರು ಅರ್ಜಿಯ ವಿಷಯವನ್ನೂ ಕಿವಿಯ ಹತ್ತಿರ ಬಂದು ಹೇಳುತ್ತಿದ್ದರು. ಪೇಪರ್ ಓದುವವರು ದೆಹಲಿಯಲ್ಲಿ ಪ್ರಜಾಪ್ರಭುತ್ವ ಹೋಯಿತು ಎಂದರು, ಆಮೇಲೆ ಮತ್ತೆ ಬಂತು ಎಂದರು. ನಮ್ಮ ಊರಿನಲ್ಲಿ ಅದು ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ.

ಯಾಕೆಂದರೆ ನಮ್ಮಲ್ಲಿ ಇದ್ದದ್ದು ಎಲೆ.

ಊರಿಗೆ ಸಂಬಂಧಪಟ್ಟ ಏನೇ ತೀರ್ಮಾನ ಇರಲಿ, ಕೆರೆ ತೂಬು ಎತ್ತುವುದಿರಲಿ, ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟುವ ದಿನವಿರಲಿ, ಮಂಗಳವಾರ ಅಮ್ಮನ ಗುಡಿಯ ಮುಂದೆ ಗಂಡಸರು ಸೇರುತ್ತಿದ್ದರು. ಪೂಜಾರಿ ಅಮ್ಮನ ಪಾದದ ಹತ್ತಿರ ಇಟ್ಟ ವೀಳ್ಯದೆಲೆಯ ಕಟ್ಟನ್ನು ತರುತ್ತಿದ್ದ. ಪಟೇಲರು ವಿಷಯ ಹೇಳುತ್ತಿದ್ದರು. ಪಟೇಲಿಕೆ ಕಾನೂನಿನಲ್ಲಿ ಹೋಗಿ ಎಷ್ಟೋ ವರ್ಷವಾಗಿದ್ದರೂ ನಮಗೆ ಅವರು ಪಟೇಲರೇ. ಆಮೇಲೆ ಮನೆಗೊಬ್ಬ ಗಂಡಸು ಎದ್ದು ಒಂದು ಎಲೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಆ ಮನೆ ಒಪ್ಪಿತು ಎಂದು ಅರ್ಥ. ಮನೆಯಲ್ಲಿ ಹತ್ತು ಜನ ಇದ್ದರೂ ಎಲೆ ಒಂದೇ. ಗಂಡಸಿಲ್ಲದ ಮನೆಗೆ ದಾಯಾದಿಗಳು ಯಾರಾದರೂ ತೆಗೆದುಕೊಳ್ಳುತ್ತಿದ್ದರು. ಎಲೆ ಬೇಡ ಎಂದವರನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ನಮ್ಮ ಮನೆಯಲ್ಲಿ ಇದ್ದದ್ದು ನಾನು, ನನ್ನ ಹೆಂಡತಿ, ನನ್ನ ಅಕ್ಕ. ಅಕ್ಕ ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಸೂಲಗಿತ್ತಿಯ ಕೆಲಸ ಮಾಡುತ್ತಿದ್ದಳು. ಸುತ್ತಿನ ನಾಲ್ಕು ಹಳ್ಳಿಯಲ್ಲಿ ಅವಳ ಕೈಗೆ ಬಂದ ಮಕ್ಕಳೇ ಈಗ ಮಕ್ಕಳನ್ನು ಹೆರುತ್ತಿದ್ದರು. ಅವಳಿಗೆ ಒಂದೇ ಒಂದು ಹಟ ಇತ್ತು. ನಮ್ಮ ಊರಿಗೆ ಸರ್ಕಾರ ನರ್ಸಮ್ಮನ ಕಟ್ಟಡ ಕಟ್ಟಿಸಿತ್ತು, ಎರಡು ಕೋಣೆ, ಗೋಡೆಯ ಮೇಲೆ ಕೆಂಪು ತ್ರಿಕೋನ. ಉದ್ಘಾಟನೆಯಾದ ವಾರಕ್ಕೇ ಪಟೇಲರು ಅದರೊಳಗೆ ಈರುಳ್ಳಿ ತುಂಬಿ ಬೀಗ ಹಾಕಿದರು. ರೇಟು ಬರುವವರೆಗೆ ಎಂದರು. ಒಂದು ಫಸಲು ಹೋದರೆ ಇನ್ನೊಂದು ಬರುತ್ತಿತ್ತು. ನರ್ಸಮ್ಮ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು, ಹುಣಸೆ ಮರದ ಕೆಳಗೆ ಚೀಲ ಇಟ್ಟುಕೊಂಡು ಕೂತು, ಮೂರು ಗಂಟೆಯ ಬಸ್ಸಿಗೆ ವಾಪಸ್ ಹೋಗುತ್ತಿದ್ದರು. ಮೂರು ಗಂಟೆಯ ಮೇಲೆ ಯಾರಿಗಾದರೂ ಹೆರಿಗೆ ಕಷ್ಟವಾದರೆ ಗಾಡಿಯೇ ಗತಿ. ಗಾಡಿಯಲ್ಲೇ ಇಬ್ಬರು ಸತ್ತಿದ್ದರು. ಎರಡು ಸಲವೂ ಅಕ್ಕ ಆ ಗಾಡಿಯಲ್ಲಿದ್ದಳು.

“ಆ ರೂಮಿನಾಗೆ ಈರುಳ್ಳಿ ಮಲಗೈತೆ, ಬಾಣಂತಿ ಬೀದೀಲಿ ಮಲಗ್ಬೇಕಾ?” ಎಂದು ಎದುರು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಕೇಳಿದವರೆಲ್ಲ ನಗುತ್ತಿದ್ದರು.

ಮಂಡಲ ಪಂಚಾಯ್ತಿಯಲ್ಲಿ ಹೆಂಗಸರಿಗೂ ಸ್ಥಾನ ಮೀಸಲಿದೆ ಎಂದು ನಾನು ಒಂದು ಸಂಜೆ ಹೇಳಿದೆ. ನಮ್ಮ ಊರಿನದೂ ಒಂದು ಅದರಲ್ಲಿ ಬಂದಿತ್ತು. ಅಕ್ಕ ರಾಗಿ ಬೀಸುವುದನ್ನು ನಿಲ್ಲಿಸಿದಳು.

“ಗೆದ್ರೆ ಬೀಗದ್ ಕೈ ಯಾರ್ ಹತ್ರ ಇರುತ್ತೋ?”

“ಮಂಡಲದ ಆಸ್ತಿ ಅಕ್ಕ ಅದು. ಮೆಂಬರಾದೋರು ಕೇಳಬೌದು. ಕೊಡ್ಲೇಬೇಕು.”

“ಹಂಗಾದ್ರೆ ನನ್ ಹೆಸರು ಬರಿ.”

ಪಟೇಲರು ಆಗಲೇ ತಮ್ಮ ಸೊಸೆಯ ಹೆಸರು ಹಾಕಿಸಿದ್ದರು. ಆ ಸೊಸೆ ಹೊಸಿಲು ದಾಟಿ ಬಂದದ್ದನ್ನು ನಾವು ನೋಡಿದ್ದೇ ಕಡಿಮೆ. ಅಕ್ಕನ ನಾಮಪತ್ರಕ್ಕೆ ನಾನೇ ಸೂಚಕ. ಹೆಬ್ಬೆಟ್ಟು ಒತ್ತಬಹುದು ಎಂದರೆ ಅಕ್ಕ ಒಪ್ಪಲಿಲ್ಲ. ನಾನು ಬರೆದು ತೋರಿಸಿದಂತೆ ಹದಿನೈದು ದಿನ ಒಲೆಯ ಮುಂದೆ ಬೂದಿಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದು ಬರೆದು ಕಲಿತಳು. ಕಚೇರಿಯಲ್ಲಿ ಸಹಿ ಹಾಕುವಾಗ ಕಾಗದ ಹರಿಯುವಷ್ಟು ಒತ್ತಿದಳು. ಹೊರಗೆ ಬಂದು, “ನೋಡ್ದೇನೋ, ತಲೆಕಟ್ಟು ಎಲ್ಲೂ ಬಿಡ್ಲಿಲ್ಲ” ಎಂದಳು.

ನಾಮಪತ್ರ ವಾಪಸ್ ತೆಗೆದುಕೊಳ್ಳುವ ಕೊನೆಯ ದಿನದ ಹಿಂದಿನ ದಿನ ಮಂಗಳವಾರ. ಹೆಂಗಸರೆಲ್ಲ ಹತ್ತಿ ಬಿಡಿಸಲು ಹೋಗಿದ್ದರು. ಅಕ್ಕ ಪಕ್ಕದ ಹಳ್ಳಿಗೆ ಹೆರಿಗೆಗೆ ಹೋಗಿದ್ದಳು. ಗುಡಿಯ ಹತ್ತಿರ ಬರಲು ಹೇಳಿಕಳಿಸಿದರು ಎಂದು ನಾನೂ ಹೋದೆ.

ಪಟೇಲರು ಒಳ್ಳೆಯ ಮಾತುಗಾರರು. “ಏನಪ್ಪಾ ಟೈಪಿನ ಮೇಷ್ಟ್ರೇ, ಮುಂದಕ್ ಬಾ, ಅಲ್ಲೇನ್ ಹಿಂದೆ ಕುಂತೀಯ” ಎಂದು ಕರೆದು ಪಕ್ಕದಲ್ಲೇ ಕೂರಿಸಿಕೊಂಡರು. ಆಮೇಲೆ ಎಲ್ಲರ ಕಡೆ ತಿರುಗಿದರು. “ಓಟು ಅಂತ ಹೋದ್ರೆ ಏನಾಗುತ್ತೆ ಹೇಳ್ರಪ್ಪ. ಅಣ್ಣ ತಮ್ಮ ಮಾತು ಬಿಡ್ತಾರೆ. ಒಂದೇ ಬಾವಿ ನೀರು ಕುಡಿಯೋರು ಮುಖ ತಿರುವ್ಕೊಂಡ್ ಓಡಾಡ್ತಾರೆ. ಬೇರೆ ಊರ್ನಾಗೆ ತಲೆ ಒಡ್ಕೊಂಡಿರೋದ್ ನೋಡಿಲ್ವಾ? ನಮ್ಮೂರು ಅವಿರೋಧ ಆಗ್ಬೇಕು. ಸರ್ಕಾರದೋರೂ ಅದನ್ನೇ ಹೇಳ್ತಾವ್ರೆ. ಎಲೆ ತರಪ್ಪ.”

ಹೌದು ಹೌದು ಎಂದರು. ಒಬ್ಬೊಬ್ಬರಾಗಿ ಎದ್ದರು. ನನ್ನ ಸರದಿ ಬಂತು.

ಇಲ್ಲಿ ನಾನು ಮಾಡಿದ ತಪ್ಪನ್ನು ಸರಿಯಾಗಿ ಬರೆಯಬೇಕು. ನನಗೆ ಕಾನೂನು ಗೊತ್ತಿತ್ತು. ಅಭ್ಯರ್ಥಿ ಅಕ್ಕ, ವಾಪಸ್ ತೆಗೆದುಕೊಳ್ಳಬೇಕಾದರೆ ಅವಳೇ ತೆಗೆದುಕೊಳ್ಳಬೇಕು. ನಾನು ಗುಡಿಯಲ್ಲಿ ಎಲೆ ಹಿಡಿದರೆ ಕಚೇರಿಯ ಕಾಗದಕ್ಕೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಷ್ಟು ಜನರ ಮುಂದೆ ಬೇಡ ಎಂದು ನಿಷ್ಠುರ ಯಾಕೆ ಮಾಡಿಕೊಳ್ಳಲಿ, ಎಲೆ ಎಲೆಯ ಪಾಡಿಗೆ, ಕಾನೂನು ಕಾನೂನಿನ ಪಾಡಿಗೆ ಎಂದುಕೊಂಡೆ. ಎರಡೂ ಕೈ ಚಾಚಿ ಎಲೆ ತೆಗೆದುಕೊಂಡೆ.

“ಆಯ್ತಲ್ಲ,” ಎಂದರು ಪಟೇಲರು. “ನಾಳೆ ನಮ್ ಮೇಷ್ಟ್ರು ಹೋಗಿ ಅಕ್ಕಯ್ಯನ ಕಾಗ್ದ ವಾಪಸ್ ತಗೊಂಡ್ ಬತ್ತಾರೆ. ಸೂಚಕರು ಅವರೇ ತಾನೆ.”

“ಅಕ್ಕನ್ನ ಒಂದ್ ಮಾತು ಕೇಳ್ಬೇಕು ಪಟೇಲ್ರೇ.”

“ಎಲೆ ಕೈಲಿ ಹಿಡ್ಕೊಂಡ್ ಕೇಳೋದೇನಲೇ? ಮುಟ್ಟೋಕ್ ಮುಂಚೆ ಕೇಳ್ಬೇಕಿತ್ತು.”

ಯಾರೋ ಹಿಂದಿನಿಂದ, “ಅವರ ಮನೇಲಿ ಯಜಮಾನ್ರು ಯಾರು ಅಂತ ಮೊದ್ಲು ಕೇಳ್ರೋ” ಎಂದರು. ಎಲ್ಲರೂ ನಕ್ಕರು. ಪೂಜಾರಿ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದ. “ಮನೇಲಿ ತುಂಬಿದ ಬಸುರಿ ಅವ್ಳೆ. ಅಮ್ಮನ ಎಲೆ ಹಿಡಿದು ಮಾತು ತಪ್ಪಿದ್ರೆ ಯಾರ್ ಮೇಲ್ ಬತ್ತದೆ ಹೇಳು. ನೋಡ್ಕೊಳಪ್ಪ.”

ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ಬಂದು ನಮ್ಮ ಮನೆಯಲ್ಲಿದ್ದಳು. ಪೌರನೀತಿಯಲ್ಲಿ ಒಂದು ಪುಟ ಬರೆದವನು ನಾನು. ಆ ಮಾತು ಕೇಳಿ ಎಲೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಎರಡು ಸಾಲು ಟೈಪ್ ಮಾಡಿದೆ. ಸ್ವಂತ ಇಚ್ಛೆಯಿಂದ ನಾಮಪತ್ರ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು. ಕೆಳಗೆ ಅಕ್ಕನ ಸಹಿ ಬೇಕಿತ್ತು. ಪೆನ್ನು ತೆಗೆದೆ. ಬೂದಿಯ ಮೇಲೆ ಬರೆದ ಆ ಅಕ್ಷರ ಕಣ್ಣ ಮುಂದೆ ಬಂದು ಕೈ ಏಳಲಿಲ್ಲ. ನನ್ನ ಎಡಗೈ ಹೆಬ್ಬೆರಳನ್ನೇ ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದೆ. ಹದಿನೇಳು ವರ್ಷದವರೆಗೆ ಹೆಬ್ಬೆಟ್ಟು ಒತ್ತಿ, ಇನ್ನು ಮುಂದೆ ಒತ್ತಬಾರದು ಎಂದೇ ಓದಿದವನು ನಾನು.

ಚುನಾವಣೆಗೆಂದು ಬೇರೆ ಕಡೆಯಿಂದ ಬಂದಿದ್ದ ಅಧಿಕಾರಿ ಮಂಡಲದ ಕಚೇರಿಯಲ್ಲಿ ಕೂತಿದ್ದರು. ಕಾಗದ ನೋಡಿದರು. ನಾಮಪತ್ರ ತೆಗೆಸಿ ಪಕ್ಕಕ್ಕೆ ಇಟ್ಟುಕೊಂಡರು.

“ಏನ್ರೀ, ಅಲ್ಲಿ ಸೈನ್ ಇದೆ, ಇಲ್ಲಿ ಹೆಬ್ಬೆಟ್ಟು?”

ನಾನು ಎಡಗೈ ಬೆನ್ನ ಹಿಂದೆ ಇಟ್ಟುಕೊಂಡೆ. ಆ ಒಂದು ಗಳಿಗೆ ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆ. ನಿಜವಾಗಿಯೂ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

“ನೀವು ಆಕೆಗೆ ಏನಾಗ್ಬೇಕು?”

“ತಮ್ಮ, ಸಾರ್.”

“ಮನೆಯವರೇ ಬಂದಿದ್ದೀರಲ್ಲ, ಬಿಡಿ. ಹೆಂಗಸರು ಒಂದ್ಸಲ ಸೈನ್ ಹಾಕ್ತಾರೆ, ಒಂದ್ಸಲ ಹೆಬ್ಬೆಟ್ಟು ಒತ್ತುತಾರೆ.” ಮೊಹರು ಹಾಕಿದರು. “ಅವಿರೋಧ ಆಯ್ತು ಅಂದ್ರೆ ನಮಗೂ ಕೆಲಸ ಕಮ್ಮಿ ಕಣ್ರೀ. ಒಳ್ಳೇ ಊರು ನಿಮ್ದು.”

ಅವರನ್ನು ನಾನು ಮರೆತಿಲ್ಲ. ಕೈಚಾಚಲಿಲ್ಲ, ಗದರಲಿಲ್ಲ, ಕೆಟ್ಟವರಂತೆ ಕಾಣಲೂ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಬಿಟ್ಟುಬಿಟ್ಟರು ಅಷ್ಟೇ. ಗುಡಿಯಲ್ಲಿ ಒಂದು ಮನೆಗೆ ಒಂದು ಎಲೆ ಎಂಬುದನ್ನು ನಾನು ಹಳೆಯ ಕಾಲದ ಮಾತು ಎಂದುಕೊಂಡಿದ್ದೆ. ಸರ್ಕಾರದ ಮೇಜಿನ ಮೇಲೂ ಅದೇ ಎಲೆ ಇತ್ತು. ಪೆಟ್ಟಿಗೆ ಇದೆ, ಪಟ್ಟಿ ಇದೆ, ಮೊಹರು ಇದೆ, ಅಕ್ಕನ ಹೆಸರು ಪಟ್ಟಿಯಲ್ಲಿ ಅಚ್ಚಾಗಿದೆ. ಆದರೆ ಅವಳ ಮಾತು ಬೇಕಾದಾಗ ಕೇಳುವುದು ತಮ್ಮನನ್ನು. ಇದನ್ನು ಪ್ರಜಾಪ್ರಭುತ್ವ ಎಂದು ಕರೆಯುವ ಬಾಯಿಗೆ ಏನು ಹೇಳಬೇಕು?

ಅಕ್ಕ ಅವತ್ತೇ ಮಧ್ಯಾಹ್ನ ಹೆರಿಗೆ ಮುಗಿಸಿದವಳು ಮನೆಗೂ ಬರದೆ ನೇರ ಮಂಡಲದ ಕಚೇರಿಗೆ ಹೋದಳಂತೆ. ಸಂಜೆ ಚಿಹ್ನೆ ಕೊಡುತ್ತಾರೆ, ಬೇಗ ಹೋದರೆ ತನಗೆ ಬೇಕಾದದ್ದು ಸಿಗಬಹುದು ಎಂಬ ಆಸೆ. ಗುಮಾಸ್ತ ಹೇಳಿದ. “ನಿಮ್ದು ವಾಪಸ್ ಆಗಿದೆಯಲ್ಲಮ್ಮ. ನಿಮ್ಮ ತಮ್ಮನೇ ತಂದು ಕೊಟ್ರು.” ಕಾಗದ ತೋರಿಸಿ ಎಂದಳಂತೆ. ತೋರಿಸಿದರು. ಹೆಬ್ಬೆಟ್ಟು ನೋಡಿ, “ಇದು ನಂದಲ್ಲ ಸಾ, ನಾನು ಸೈನ್ ಹಾಕ್ತೀನಿ” ಎಂದು ಅವನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಒಂದು ಚೂರು ಕಾಗದದ ಮೇಲೆ ಹೆಸರು ಬರೆದು ತೋರಿಸಿದಳಂತೆ. “ಸಾಹೇಬ್ರೂ ಅದನ್ನೇ ಕೇಳಿದ್ರು ನಿಮ್ಮ ತಮ್ಮನ್ನ. ಚೆನ್ನಾಗೇ ಬರೀತೀರಲ್ಲಮ್ಮ, ಆದ್ರೆ ಟೈಮ್ ಮುಗೀತು” ಎಂದರಂತೆ.

ಮನೆಗೆ ಬಂದು ನನ್ನ ಎದುರಿಗೆ ನಿಂತಳು. ನನ್ನ ಎಡಗೈ ಹಿಡಿದು ತಿರುಗಿಸಿದಳು. ಶಾಯಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದಿತ್ತು.

“ಎಲೆ ತಗೊಂಡ್ಬಿಟ್ಟೆ ಅಕ್ಕ” ಎಂದೆ.

“ನಾನ್ ತಗೊಂಡ್ನಾ?”

“ಮನೆಗೊಂದೇ ಅಲ್ವಾ.”

“ಹಂಗಾದ್ರೆ ನನ್ ಹೆಸರು ಬರಿಯೋದು ಯಾಕೋ ಕಲಿಸ್ದೆ?” ಎಂದಳು. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. “ಕೂತ್ಕೊ. ಮಿಷನ್ ತಗಿ. ಆ ಹೆಬ್ಬೆಟ್ಟು ನಂದಲ್ಲ, ನನ್ ತಮ್ಮಂದು ಅಂತ ಅರ್ಜಿ ಬರಿ. ನಾನು ಸೈನ್ ಹಾಕ್ತೀನಿ.”

ಕೂತೆ. ಟೈಪ್ ಮಾಡಿದೆ. ಆದರೆ ‘ನನ್ನ ತಮ್ಮ’ ಎಂದು ಬರಬೇಕಾದ ಕಡೆ ‘ಯಾರೋ’ ಎಂದು ಟೈಪ್ ಮಾಡಿದೆ. ಕೇಸಾದರೆ ಜೈಲು, ಜೈಲಾದರೆ ಮೇಜು ಹೋಯಿತು ಎಂಬ ಹೆದರಿಕೆ. ಅಕ್ಕನಿಗೆ ಓದಿ ಹೇಳುವಾಗ ಮಾತ್ರ ‘ನನ್ನ ತಮ್ಮ’ ಎಂದೇ ಓದಿದೆ. ಅವಳಿಗೆ ತನ್ನ ಹೆಸರೊಂದು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ನಂಬಿ ಸಹಿ ಹಾಕಿದಳು.

ಈ ನಡುವೆ ಅಕ್ಕನ ಮಗಳ ಹೆರಿಗೆಯಾಯಿತು. ಹಗಲು ಹೊತ್ತೇ ಆದದ್ದು ಪುಣ್ಯ, ನರ್ಸಮ್ಮ ಇದ್ದರು. ಅಕ್ಕ, ನರ್ಸಮ್ಮ ಇಬ್ಬರೂ ಸೇರಿ ನಮ್ಮ ನಡುಮನೆಯಲ್ಲೇ ಮಾಡಿಸಿದರು. ತಾಯಿ ಮಗು ಚೆನ್ನಾಗಿದ್ದರು. ಎಲೆಯ ಮಾತು ಉಳಿಸಿಕೊಂಡದ್ದಕ್ಕೇ ಅಮ್ಮ ಕಾಪಾಡಿದಳು ಎಂದು ಊರಿನವರು ಹೇಳಿಕೊಂಡು ತಿರುಗಿದರು. ನರ್ಸಮ್ಮನ ಹೆಸರನ್ನಾಗಲಿ ಅಕ್ಕನ ಹೆಸರನ್ನಾಗಲಿ ಯಾರೂ ಎತ್ತಲಿಲ್ಲ.

ಕೆಲವು ವಾರಗಳಾದ ಮೇಲೆ ಅರ್ಜಿಗೆ ಉತ್ತರ ಬಂತು. ನಾನು ತರೀಕೆರೆಯಲ್ಲಿದ್ದೆ. ಅಕ್ಕ ಅದನ್ನು ಹುಣಸೆ ಮರದ ಕೆಳಗೆ ನರ್ಸಮ್ಮನ ಕೈಯಲ್ಲಿ ಓದಿಸಿದಳು. ಹೆಬ್ಬೆಟ್ಟು ಯಾರದೆಂದು ಅರ್ಜಿದಾರರು ತಿಳಿಸಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದಿತ್ತು. “ತಿಳಿಸಿದ್ದೀನಲ್ಲ, ನನ್ ತಮ್ಮ ಅಂತ” ಎಂದಳಂತೆ ಅಕ್ಕ. ಮನೆಯಲ್ಲಿದ್ದ ನಕಲು ತಂದು ತೋರಿಸಿದಳಂತೆ. ನರ್ಸಮ್ಮ ಅದನ್ನು ಎರಡು ಸಲ ಓದಿ, “ಯಾರೋ ಅಂತ ಇದೆ ಕಣಮ್ಮ” ಎಂದರಂತೆ.

ಆ ಸಂಜೆ ಅಕ್ಕ ನನಗೆ ಮುದ್ದೆ ಬಡಿಸಿದಳು, ಸಾರು ಬಿಟ್ಟಳು. ಕಾಗದದ ವಿಷಯ ಎತ್ತಲಿಲ್ಲ. ನರ್ಸಮ್ಮ ಮರುದಿನ ಬಸ್ ಸ್ಟಾಪಿನಲ್ಲಿ ನನ್ನನ್ನು ಹಿಡಿದು ಎಲ್ಲ ಹೇಳಿ, “ನೀವು ಓದಿದೋರು ಅಂತ ಆ ಯಮ್ಮ ಎಷ್ಟ್ ಹೇಳ್ಕೊಂಡ್ ತಿರುಗ್ತಿತ್ತು ಗೊತ್ತೇನ್ರೀ” ಎಂದರು.

ಆಮೇಲೆ ಆ ಸನ್ಮಾನ. ಶಾಲೆಯ ಮುಂದೆ ಚಪ್ಪರ ಹಾಕಿದರು. ಯಾರೋ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಪಟೇಲರ ಸೊಸೆಯನ್ನು ಕುರ್ಚಿಯ ಮೇಲೆ ಕೂರಿಸಿದರು. ಅವಳು ಸೆರಗು ಎಳೆದುಕೊಂಡು ನೆಲ ನೋಡುತ್ತಾ ಕೂತಿದ್ದಳು. ಊರಿನ ಶಾಲನ್ನು ಪಟೇಲರು ಹೊದ್ದರು, ಹಾರವನ್ನು ಅವಳ ಪರವಾಗಿ ಗಂಡ ಹಾಕಿಸಿಕೊಂಡ. ಸಾಹೇಬರು ಮೈಕಿನಲ್ಲಿ, ಒಂದು ಓಟೂ ಹಾಕದೆ ಒಗ್ಗಟ್ಟಿನಿಂದ ಆರಿಸಿದ ಈ ಊರೇ ನಿಜವಾದ ಪ್ರಜಾಪ್ರಭುತ್ವಕ್ಕೆ ಮಾದರಿ ಎಂದರು. ಜನ ಚಪ್ಪಾಳೆ ತಟ್ಟಿದರು. ನೂರು ಹೆಜ್ಜೆ ಆಚೆ ಆ ಕಟ್ಟಡ ಬೀಗ ಹಾಕಿಕೊಂಡು ನಿಂತಿತ್ತು. ಗಾಳಿ ಬೀಸಿದಾಗಲೆಲ್ಲ ಕೊಳೆತ ಈರುಳ್ಳಿಯ ವಾಸನೆ ಚಪ್ಪರದೊಳಗೆ ಬರುತ್ತಿತ್ತು. ಸಾಹೇಬರು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಭಾಷಣ ಮುಂದುವರಿಸಿದರು.

ಹೆಂಗಸರ ಸಾಲಿನಿಂದ ಅಕ್ಕ ಎದ್ದಳು.

“ಸಾಮಿ, ನಾನೂ ನಿಂತಿದ್ದೆ ಎಲೆಕ್ಷನ್ನಿಗೆ. ನನ್ನ ಯಾರೂ ಕೇಳ್ಲಿಲ್ಲ.”

ಮೈಕಿನವನು ಮೈಕು ಆರಿಸಿದ. ಅಕ್ಕನ ಕೈಯಲ್ಲಿ ಮೈಕು ಇರಲೇ ಇಲ್ಲ. ಪಟೇಲರು ನಗುತ್ತಲೇ ಎದ್ದರು. “ಅವರ ಮನೆ ಎಲೆ ತಗೊಂಡೈತೆ ಸಾಮಿ. ಅಗೋ ಅವಳ ತಮ್ಮನೇ ಕುಂತವ್ನೆ, ಕೇಳಿ. ಓದಿದೋನು, ಸುಳ್ಳು ಹೇಳಕಿಲ್ಲ.”

ಎಲ್ಲರ ಮುಖ ನನ್ನ ಕಡೆ ತಿರುಗಿತು. ನಾನು ಎದ್ದೆ. ಧೈರ್ಯದಿಂದ ಎದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಕೂತಿರಲು ಆಗಲಿಲ್ಲ.

“ಎಲೆ ತಗೊಂಡಿದ್ದು ನಾನು. ಅಕ್ಕ ತಗೊಂಡಿಲ್ಲ. ವಾಪಸ್ ತಗೊಂಡ ಕಾಗ್ದದ ಮೇಲಿರೋ ಹೆಬ್ಬೆಟ್ಟು ನಂದು. ಅಕ್ಕಂಗೆ ಗೊತ್ತೇ ಇರ್ಲಿಲ್ಲ. ಈ ಊರ್ನಾಗೆ ಅವಿರೋಧ ಆಗಿಲ್ಲ ಸಾರ್, ಮೋಸ ಆಗಿದೆ. ಆ ರೂಮಿನಾಗೆ ಈರುಳ್ಳಿ ಇಡಕ್ಕೆ ಆಗಿದೆ.”

ಪಟೇಲರ ಸೊಸೆ ಮೊದಲ ಸಲ ತಲೆ ಎತ್ತಿ ನೋಡಿದಳು. ಸಾಹೇಬರು ವಾಚು ನೋಡಿಕೊಂಡರು.

“ಇದೆಲ್ಲ ನಿಮ್ಮ ಊರಿನ ಮನೆ ವಿಚಾರ. ಕೂತು ಬಗೆಹರಿಸ್ಕೊಳ್ಳಿ,” ಎಂದು ಕೈ ಮುಗಿದು ಜೀಪು ಹತ್ತಿದರು. ಚಪ್ಪರದ ಹಿಂದೆ ಉಪ್ಪಿಟ್ಟು, ಕೇಸರಿಬಾತು ಬಡಿಸಲು ಶುರು ಮಾಡಿದರು. ಜನ ಎಲೆ ಹಿಡಿದು ಸಾಲಾಗಿ ಕೂತರು. ನನ್ನ ಪಕ್ಕದಲ್ಲಿ ಹಾದುಹೋದವನೊಬ್ಬ, “ಊಟ ಆದ್ಮೇಲ್ ಹೇಳಿದ್ರಾಗ್ತಿರ್ಲಿಲ್ವೇನಪ್ಪ?” ಎಂದ. ಅವನು ನನ್ನ ಜೊತೆ ದನ ಕಾಯ್ದವನು.

ಕೇಸು ಗೀಸು ಏನೂ ಆಗಲಿಲ್ಲ. ಅಷ್ಟು ಜನರ ಮುಂದೆ ಒಪ್ಪಿಕೊಂಡರೂ ಒಬ್ಬ ಪೊಲೀಸಿನವನೂ ಬರಲಿಲ್ಲ. ತಪ್ಪು ಎಂದು ಯಾರಿಗಾದರೂ ಅನ್ನಿಸಿದ್ದರೆ ತಾನೇ ಬರುವುದು.

ನಾವಿಬ್ಬರೂ ಉಣ್ಣದೆ ಮನೆಗೆ ಹೊರಟೆವು. ಅಕ್ಕ ಮುಂದೆ, ನಾನು ಹಿಂದೆ. ಈಗಲಾದರೂ ಒಂದು ಒಳ್ಳೆಯ ಮಾತು ಬರಬಹುದು ಎಂದು ಕಾಯುತ್ತಿದ್ದೆ. ಅವಳು ತಿರುಗಿ ನೋಡದೆ ಹೇಳಿದಳು.

“ಆಫೀಸ್ನಾಗೆ ಅವರು ಕೇಳ್ದಾಗ ಹೇಳ್ಬೇಕಿತ್ತು ಕಣೋ. ಆಗ ಹೇಳಿದ್ರೆ ಓಟು ನಡೀತಿತ್ತು. ಈಗ ಹೇಳಿದ್ದು ನಿನ್ ಮನಸು ಹಗುರಾಗಕ್ಕೆ.”

ಈ ಕಾಗದ ಟೈಪ್ ಮಾಡುವಾಗಲೂ ಅದೇ ಅನುಮಾನ. ಕಟ್ಟಡದಲ್ಲಿ ಈರುಳ್ಳಿ ಇನ್ನೂ ಇದೆ. ಮಂಡಲದ ಮೀಟಿಂಗಿಗೆ ಸೊಸೆಯ ಬದಲು ಅವಳ ಗಂಡ ಹೋಗಿ ಬರುತ್ತಾನೆ. ಅಕ್ಕ ನರ್ಸಮ್ಮನ ಹತ್ತಿರ ಕೂತು ಓದಲು ಕಲಿಯುತ್ತಿದ್ದಾಳೆ. ಈಗ ಬಸ್ಸಿನ ಬೋರ್ಡು ಓದುತ್ತಾಳೆ, ನಾನು ಮನೆಯಲ್ಲಿ ಬಿಟ್ಟ ಅರ್ಜಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದುತ್ತಾಳೆ. ಮುಂದಿನ ಸಲ ಚುನಾವಣೆ ಬಂದರೆ ಮತ್ತೆ ನಿಲ್ಲುತ್ತಾಳಂತೆ. ಸೂಚಕರು ಯಾರೆಂದು ಈಗಲೇ ಗೊತ್ತು ಮಾಡಿಕೊಂಡಿದ್ದಾಳೆ. ಯಾರು ಎಂದು ಒಂದು ದಿನ ಕೇಳಿದೆ.

“ಅದು ನಿಂಗ್ಯಾಕೆ?” ಎಂದಳು.